ನಾಸಿಲೇಲೆಯ ಪೊದೆ

ಕಬ್ಬೆ, ಕಟೀಮಾ ಮುಲಿಲೋ
6 ಅಕ್ಟೋಬರ್ 1996

ಪ್ರೀತಿಯ ಅಲೆಟ್ಟಕ್ಕನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಕಾಗದವನ್ನು ಒಲೆಗೆ ಹಾಕುವ ಮೊದಲು ಒಳಗಿರುವ ಇನ್ನೊಂದು ಹಾಳೆ ತೆಗೆದು ನೋಡು. ಅದರಲ್ಲಿ ಒಂದು ಪಾದವಿದೆ. ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದದ್ದು ನಾನೇ. ಒದೆಯುತ್ತಿದ್ದಳು, ಹಾಗಾಗಿ ಹಿಮ್ಮಡಿಯ ಹತ್ತಿರ ಸ್ವಲ್ಪ ಸೊಟ್ಟಗಾಗಿದೆ. ಅದು ನನ್ನ ಮಗಳ ಬಲಗಾಲು. ಹೆಸರು ನಾಸಿಲೇಲೆ. ಈಗ ಎಂಟು ತಿಂಗಳು.

ಫೋಟೋ ಕಳಿಸಬಹುದಿತ್ತು. ಆದರೆ ನಮ್ಮ ಕುಯಿಸೆಬ್ ಹೊಳೆಯ ದಂಡೆಯಲ್ಲಿ ಮುಖ ನೋಡಿ ಗುರುತು ಹಿಡಿಯುವವರು ಯಾರು? ನೀನು ಬೆಳಗ್ಗೆ ಎದ್ದು ಅಂಗಳದ ಮರಳು ನೋಡಿ, "ಪಕ್ಕದ ಮನೆ ಡೋರ್ಕಾಸ್ ಬಂದಿದ್ಲು ಕಣೇ. ಬಾಗಿಲ ತನಕ ಬಂದು ವಾಪಸ್ ಹೋಗಿದಾಳೆ. ಎಡಗಾಲು ಇನ್ನೂ ನೋಯ್ತಿದೆ, ಪಾಪ" ಅನ್ನುತ್ತಿದ್ದವಳು. ಇಲ್ಲಿ ಎಲ್ಲಿ ನೋಡಿದರೂ ಹುಲ್ಲು, ಕೆಸರು. ಯಾರು ಬಂದರು, ಯಾರು ಹೋದರು, ನೆಲ ಏನನ್ನೂ ಹೇಳುವುದಿಲ್ಲ. ಬಂದ ಹೊಸತರಲ್ಲಿ ನನಗೆ ಕಣ್ಣೇ ಹೋದ ಹಾಗಾಗಿತ್ತು.

ನಾನು ಹೊರಟ ದಿನ ನಿನಗೆ ನೆನಪಿರುತ್ತದೆ. ಮದುವೆಯ ಶೂ ಕಳಚಿ, ವಾಲ್ವಿಸ್ ಬೇ ಬಸ್ ನಿಲ್ದಾಣದಲ್ಲಿ ಅವ್ವನ ಎದುರಿಗೇ ಕೊಡವಿದೆ. "ಈ ಊರಿನ ಒಂದು ಕಾಳು ಮರಳೂ ನನ್ ಜೊತೆ ಬರೋದು ಬೇಡ. ನನ್ ನಾರಾ ಪೊದೆ ಯಾರಿಗಾದ್ರೂ ಕೊಟ್ಬಿಡಿ" ಅಂದೆ. ಗಂಡ ಸಿತಾಲಿಯ ಊರಿನ ಮರಗಳ ನೆರಳು, ವರ್ಷವಿಡೀ ಹರಿಯುವ ಹೊಳೆ, ಇದೆಲ್ಲ ನನ್ನ ತಲೆಗೇರಿತ್ತು. ಅವ್ವನ ಮಣ್ಣಿಗೂ ಬರಲಿಲ್ಲ. ತಂತಿ ನನ್ನ ಕೈಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಅದನ್ನು ನೀನು ನಂಬುವುದಿಲ್ಲ ಅಂತ ಗೊತ್ತಿದ್ದೇ ಇಷ್ಟು ದಿನ ಬರೆಯಲಿಲ್ಲ.

ಇಲ್ಲಿ ನಮ್ಮ ಭಾಷೆ ಆಡುವವರು ಯಾರೂ ಇಲ್ಲ. ಮಗಳ ಕಿವಿಯಲ್ಲಿ ನಾನೊಬ್ಬಳೇ ಆಡುತ್ತೇನೆ. ಮೊನ್ನೆ ಅವಳು ನಾಲಿಗೆಯನ್ನು ಅಂಗುಳಕ್ಕೆ ಬಡಿದು ನಮ್ಮ ಮಾತಿನಲ್ಲಿ ಬರುವ ಹಾಗೆ 'ಟೊಕ್' ಅಂದಳು! ಅತ್ತೆ ಹೆದರಿ, "ಅಯ್ಯೋ, ಮಗೂಗೆ ಗಂಟಲಲ್ಲಿ ಮೀನು ಮುಳ್ಳು ಸಿಕ್ಕಿದೆ" ಅಂತ ಬೆನ್ನು ಗುದ್ದಿದರು. ನಾನು ನಕ್ಕೆ, ಆಮೇಲೆ ಅಳು ಬಂತು.

ನನ್ನ ಪೊದೆ ಕೇಳುವ ಮುಖ ನನಗಿಲ್ಲ. ಮರಳ ದಿಬ್ಬದ ಮೇಲೆ ಮಗಳಿಗೂ ತನ್ನದೇ ಕಾಯಿ ಬಿಡುವ ಒಂದು ನಾರಾ ಪೊದೆ ಕೊಡುತ್ತೀಯಾ, ಅಕ್ಕ? ಎಷ್ಟು ಚಿಕ್ಕದಾದರೂ ಸರಿ.

ನಿನ್ನ ತಂಗಿ,
ಎಂಗೆಲೀನ್


ಸ್ವಾರ್ಟ್‌ಬ್ಯಾಂಕ್, ಕುಯಿಸೆಬ್
2 ನವೆಂಬರ್

ಎಂಗೆಲೀನ್,

ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ಒಲೆಗೆ ಹಾಕಲು ಇಲ್ಲಿ ಕತ್ತೆ ಲದ್ದಿ ಬೇಕಾದಷ್ಟಿದೆ.

ನಿನ್ನ ಪೊದೆಯನ್ನು ಅವ್ವ ತಾನೇ ಕೈಯಾರೆ ಡೋರ್ಕಾಸಳಿಗೆ ಕೊಟ್ಟಳು. ಬಸ್ ನಿಲ್ದಾಣದಿಂದ ಬಂದವಳು ಗಾಡಿ ಇಳಿದು ಸೀದಾ ದಿಬ್ಬಕ್ಕೆ ಹೋದಳು. ಅವಳಿಗೆ ಆಗಲೇ ಸರಿಯಾಗಿ ನಡೆಯಲು ಆಗುತ್ತಿರಲಿಲ್ಲ, ಅದು ನಿನಗೂ ಗೊತ್ತಿತ್ತು. ಡೋರ್ಕಾಸ್ ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗಳಿಗೆ ಪೊದೆ ಕೇಳಿದ್ದೀಯ. ನಮ್ಮ ಮನೆಯ ಪದ್ಧತಿಯನ್ನೂ ಆ ಹೊಳೆಯಲ್ಲಿ ತೊಳೆದುಬಿಟ್ಟೆಯಾ? ಪೊದೆಯನ್ನು ಕಾಗದದಲ್ಲಿ ಕೊಡುವುದಿಲ್ಲ. ಮಗು ತನ್ನ ಕಾಲಲ್ಲೇ ಮರಳಿನ ಮೇಲೆ ನಡೆದುಹೋಗಿ ಯಾವ ಪೊದೆಯನ್ನು ಮುಟ್ಟುತ್ತದೋ ಅದು ಅದರದ್ದು. ಎತ್ತಿಕೊಂಡು ಹೋಗಿ ಮುಟ್ಟಿಸಿದರೂ ನಡೆಯುವುದಿಲ್ಲ. ನೀನು ಹಾಗೇ ಪಡೆದೆ, ನಾನೂ ಹಾಗೇ ಪಡೆದೆ. ಮೀನಿನ ಊರಲ್ಲಿ ಕೂತವರಿಗೆ ಮುಳ್ಳಿನ ಪೊದೆ ಯಾಕೆ?

ಮಗು ಹುಟ್ಟಿದ್ದು ಸಂತೋಷ. ಪಾದವನ್ನು ಗೆರ್ಟ್ ದೊಡ್ಡಪ್ಪನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. "ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ನಿಮ್ಮವ್ವಂದೇ ಕಾಲು" ಅಂದ. ನಾನು ಹಾಳೆ ಮಡಚಿ ಒಳಗಿಟ್ಟೆ.

ಹೋದ ಸಲದ ನಾರಾ ಬೀಜ ಸ್ವಲ್ಪ ಉಳಿದಿತ್ತು, ಕಳಿಸಿದ್ದೇನೆ. ಹುಳ ಹಿಡಿದು ಹಾಳಾಗುವುದಕ್ಕಿಂತ ಯಾರಾದರೂ ತಿನ್ನಲಿ ಅಂತ.

ಅಲೆಟ್ಟಾ


ಕಬ್ಬೆ
24 ನವೆಂಬರ್

ಅಕ್ಕಾ,

ಹುಳ ಹಿಡಿಯುತ್ತದಂತೆ! ನಮ್ಮೂರಲ್ಲಿ ನಾರಾ ಬೀಜಕ್ಕೆ ಯಾವತ್ತು ಹುಳ ಹಿಡಿದಿತ್ತು? ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಬಿಡು.

ಅಂಗಳದಲ್ಲಿ ಕೂತು ಮುಂದಿನ ಹಲ್ಲಲ್ಲಿ ಒಂದೊಂದೇ ಕಚ್ಚಿ, ತಿರುಳು ಒಳಗೆ, ಸಿಪ್ಪೆ ಹೊರಗೆ, ಅರ್ಧ ಪೊಟ್ಟಣ ಮುಗಿಸಿದೆ. ಅತ್ತೆ, "ಇಲಿ ಥರ ತಿಂತೀಯಲ್ಲೇ! ಬಾಯಲ್ಲಿ ಮಿಷನ್ ಇಟ್ಕೊಂಡಿದೀಯಾ?" ಅಂತ ನಗುತ್ತಿದ್ದರು. ಒಳ್ಳೆಯವರು, ಅಕ್ಕ. ಇಲ್ಲಿ ಎಲ್ಲರೂ ಒಳ್ಳೆಯವರೇ. ದುಃಖ ಜನರದ್ದಲ್ಲ.

ನಾಲ್ಕು ಬೀಜ ತೆಗೆದಿಟ್ಟು ಹಿತ್ತಲಲ್ಲಿ ಹಾಕಿದೆ. ಇಲ್ಲಿನ ಮಣ್ಣು ಕಪ್ಪಗೆ, ಬೆಣ್ಣೆಯ ಹಾಗಿದೆ. ದಿನಾ ಬೆಳಗ್ಗೆ ಸಂಜೆ ನೀರು ಹಾಕಿದೆ. ನಾಲ್ಕೂ ಮೊಳೆತವು. ಸಿತಾಲಿ ತಾನು ಕಲಿಸುವ ಶಾಲೆಯಿಂದ ಮಕ್ಕಳನ್ನು ಕರೆತಂದು ತೋರಿಸಿದ. ಒಂದು ವಾರಕ್ಕೆ ನಾಲ್ಕೂ ಬುಡದಲ್ಲಿ ಕೊಳೆತು ಮಲಗಿದವು. ನೀನು ನಗುತ್ತೀಯ. ನಗು.

ಇಲ್ಲಿ ಎಲ್ಲವೂ ಕೊಳೆಯುತ್ತದೆ. ಆವತ್ತು ಕೊಡವಿದ್ದೆನಲ್ಲ, ಆ ಶೂ, ಪೆಟ್ಟಿಗೆಯೊಳಗೇ ಹಸಿರು ಬೂಷ್ಟು ಹಿಡಿದು ಕೂತಿದೆ. ನಮ್ಮಲ್ಲಿ ಸತ್ತ ಕತ್ತೆ ಕೂಡ ಕೊಳೆಯುವುದಿಲ್ಲ, ಮರ್ಯಾದೆಯಿಂದ ಒಣಗುತ್ತದೆ. ಇಲ್ಲಿ ಆಕಾಶವೂ ಮರಗಳ ಸಂದಿಯಲ್ಲಿ ತುಂಡು ತುಂಡಾಗಿ ಕಾಣುತ್ತದೆ. ಜನ ಗಿಡದ ಹಿಂದಿನಿಂದ ಧುತ್ತೆಂದು ಎದುರಿಗೆ ಬಂದು ನಿಲ್ಲುತ್ತಾರೆ. ನಾವು ನೆಂಟರು ದೂರದಲ್ಲಿ ಚುಕ್ಕಿಯಾಗಿ ಕಂಡಾಗಲೇ ಚಹಾಕ್ಕೆ ನೀರಿಟ್ಟು, ಅವರು ಬರುವಷ್ಟರಲ್ಲಿ ಕುದಿಸಿ, ಆರಿಸಿ, ಬೈದು ಮುಗಿಸುತ್ತಿದ್ದೆವು. ಹಿತ್ತಲ ಗಿಡ ಮದ್ದಲ್ಲ ಅಂತ ಅವ್ವ ಅನ್ನುತ್ತಿದ್ದಳು. ಬೆಳಗಿನ ಜಾವ ಕಡಲಿನ ಮಂಜು ಬಂದು ತಗಡಿನ ಮೇಲಿಂದ ತೊಟ್ಟಿಕ್ಕುವ ಸದ್ದು ಕೇಳದೆ ನನಗೆ ಇವತ್ತಿಗೂ ಸರಿಯಾಗಿ ಎಚ್ಚರವಾಗುವುದಿಲ್ಲ.

ಮಳೆ ಶುರುವಾಗಿದೆ. ಸಂಜೆಯಾದರೆ ಸೊಳ್ಳೆ. ಪರದೆ ಕಟ್ಟಿಕೊಂಡು ಮಲಗಬೇಕು. ಅದರೊಳಗೆ ನನಗೆ ಉಸಿರು ಕಟ್ಟುತ್ತದೆ, ಒಂದೊಂದು ದಿನ ಎತ್ತಿಬಿಡುತ್ತೇನೆ.

ಮಗಳು ಬೇಗ ನಡೆಯುತ್ತಾಳೆ. ನಾರಾ ಕೊಯ್ಲಿಗೆ ಕರೆದುಕೊಂಡು ಬರಲಾ? 'ಬಾ' ಅಂತ ಒಂದಕ್ಷರ ಬರೆ, ಸಾಕು.

ನಿನ್ನ
ಎಂಗೆಲೀನ್


ಕಬ್ಬೆ
5 ಜನವರಿ 1997

ಅಕ್ಕ,

ನಿನ್ನಿಂದ ಉತ್ತರವಿಲ್ಲ. ಕಾಗದ ತಲುಪಲಿಲ್ಲವೇನೋ ಅಂದುಕೊಳ್ಳೋಣವೆಂದರೆ, ತಲುಪಿದೆ ಅಂತ ನನ್ನ ಮನಸ್ಸಿಗೆ ಗೊತ್ತು.

ಕ್ರಿಸ್‌ಮಸ್ ದಿನ ನಾಸಿಲೇಲೆ ನಡೆದಳು. ಅತ್ತೆಯ ಮಡಿಲಿನಿಂದ ಇಳಿದು, ಕೋಳಿಯೊಂದನ್ನು ಹಿಡಿಯಲು ನಡೆದೇಬಿಟ್ಟಳು. ಕೋಳಿ ಸಿಗಲಿಲ್ಲ. ಕೆಸರಲ್ಲಿ ಕೂತು ಅದಕ್ಕೆ 'ಟೊಕ್ ಟೊಕ್' ಅಂತ ಬೈದಳು. ನಿನ್ನದೇ ಕೋಪ. ಈಗ ನೀನು ಹೇಳಿದ ಪದ್ಧತಿಗೆ ಏನೂ ಕೊರತೆಯಿಲ್ಲ, ಮಗು ನಡೆಯುತ್ತದೆ. ಇನ್ನೇನು ಬೇಕು ನಿನಗೆ?

ಸಿತಾಲಿ ಹೇಳುತ್ತಾನೆ: "ಅವರು ಕರೀಲಿ ಬಿಡ್ಲಿ, ಹೋಗಿ ಬಾ. ನಿನ್ನ ಅಕ್ಕ ತಾನೆ? ಹೊಡೀತಾರಾ?" ನಮ್ಮಲ್ಲಿ ಕರೆಯದೆ ಹೋದವರನ್ನು ಹೊಡೆಯುವುದಿಲ್ಲ ಅಂತ ಅವನಿಗೆ ಹೇಳಿದೆ. ಬಾಗಿಲಲ್ಲಿ ನಿಂತು ಅವರ ಹೆಜ್ಜೆ ನೋಡುತ್ತಾರೆ, ಮುಖ ನೋಡುವುದಿಲ್ಲ. ಅದನ್ನು ನಾನು ತಡೆದುಕೊಂಡೇನು. ನನ್ನ ಮಗಳಿಗೆ ಹಾಗಾಗುವುದು ಬೇಡ.

ಕೊಯ್ಲು ಶುರುವಾಗಿರಬೇಕು. ದೊಡ್ಡಪ್ಪ ಮಾಗಿದೆಯಾ ಅಂತ ಕೋಲಿನಿಂದ ಕಾಯಿ ತಟ್ಟಿ ಸದ್ದು ಕೇಳುತ್ತಿರಬೇಕು. ಡ್ರಮ್ಮಿನಲ್ಲಿ ತಿರುಳು ಕುದಿಯುವ ವಾಸನೆ ಇಲ್ಲಿ ಕೂತಿರುವ ನನಗೆ ಬರುತ್ತದೆ, ನಂಬು. ಮಾರ್ಚ್ ಬಂದರೆ ಜಾಂಬೆಜಿ ಹೊಳೆ ಏರಿ ನಮ್ಮ ದಾರಿ ಮುಳುಗುತ್ತದೆ. ಅದಕ್ಕೆ ಮುಂಚೆ ಬರೆ, ಅಕ್ಕ. ನಿನ್ನ ಕಾಲಿಗೆ ಬೀಳುತ್ತೇನೆ.

ಎಂಗೆಲೀನ್


ಸ್ವಾರ್ಟ್‌ಬ್ಯಾಂಕ್
9 ಫೆಬ್ರವರಿ

ಪ್ರೀತಿಯ ಎಂಗೆಲೀನ್,

ಹೊಳೆ ಬಂತು! ವರ್ಷಗಟ್ಟಲೆ ಒಣಗಿದ್ದ ನಮ್ಮ ಕುಯಿಸೆಬ್ ಬಂತು ಕಣೇ!

ಗುರುವಾರ ಮಧ್ಯಾಹ್ನ ಮೇಲಿನ ಊರಿನ ಹುಡುಗರು ಕತ್ತೆಗಳನ್ನು ಓಡಿಸಿಕೊಂಡು, "ಬರ್ತಿದೆ, ಬರ್ತಿದೆ" ಅಂತ ಕೂಗುತ್ತಾ ಬಂದರು. ನಾವೆಲ್ಲ ಪಾತ್ರದೊಳಗೇ ಇಳಿದು ನಿಂತೆವು. ಮೊದಲು ಗಾಳಿ ತಣ್ಣಗಾಯಿತು. ಆಮೇಲೆ ಕಡ್ಡಿ, ಕಾಯಿ, ನೊರೆ, ಸತ್ತ ಚೇಳು, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಕೆಂಪು ನೀರಿನ ನಾಲಿಗೆ ನಿಧಾನವಾಗಿ ತೆವಳುತ್ತಾ ಬಂತು. ಗೆರ್ಟ್ ದೊಡ್ಡಪ್ಪ ಸ್ನಾನ ಮಾಡುತ್ತಿದ್ದವನು ಚಡ್ಡಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದ. ಡೋರ್ಕಾಸ್, "ದೊಡ್ಡಪ್ಪಾ, ಹೊಳೆಗೂ ನಾಚಿಕೆಯಾಗಿ ತಿರುಗಿ ಹೋದೀತು" ಅಂದಳು. ಅವನಿಗೆ ಕೇಳಿಸಲೇ ಇಲ್ಲ. ನೀರಿನಲ್ಲಿ ಕೂತು ಮಗುವಿನ ಹಾಗೆ ಅತ್ತ.

ನಾನೂ ಅತ್ತೆ. ಪಕ್ಕದಲ್ಲಿ ನೀನಿರಬೇಕಿತ್ತು ಅನ್ನಿಸಿತು. ಅವ್ವನೂ ಇರಬೇಕಿತ್ತು. ಅವ್ವ ಇಲ್ಲ, ನೀನಾದರೂ ಇದ್ದೀಯ. ಇಷ್ಟು ಸಣ್ಣ ಮಾತು ನನಗೆ ಹೊಳೆಯಲು ಒಂದು ಹೊಳೆಯೇ ಬರಬೇಕಾಯಿತು.

ಬಾ. ಮಗಳನ್ನು ಕರೆದುಕೊಂಡು ಬಾ. ದಿಬ್ಬದ ಮೇಲೆ ನನ್ನ ಪೊದೆಯ ಪಕ್ಕ ಒಂದು ಎಳೆಯ ಪೊದೆ ಎದ್ದಿದೆ. ಮೊನ್ನೆ ಮೊದಲ ಹೂ ಬಿಟ್ಟಿತು. ಹೆಣ್ಣು ಹೂ, ಕೆಳಗೆ ಕಡಲೆಯಷ್ಟು ಕಾಯಿ. ಅವಳನ್ನು ಅದರ ಎದುರಿಗೇ ಬಿಡೋಣ. ಪದ್ಧತಿಗೆ ಮೋಸವಲ್ಲ, ಸ್ವಲ್ಪ ದಾರಿ ತೋರಿಸಿದ ಹಾಗೆ ಅಷ್ಟೆ. ಅವ್ವ ನನಗೂ ಹಾಗೇ ಮಾಡಿದ್ದಳಂತೆ. ಹಸಿ ಕಾಯಿ ಬಾಯಿಗೆ ಹಾಕಲು ಬಿಡಬೇಡ, ಸುಟ್ಟ ಹಾಗಾಗುತ್ತದೆ.

ನಾರಾಕ್ಕೆ ಬೆಳಗ್ಗೆ ಸಂಜೆ ನೀರು ಹಾಕಿದೆಯಂತೆ. ಹುಚ್ಚಿ, ಹುಚ್ಚಿ. ಅದನ್ನು ಊರಿಡೀ ಹೇಳಿದೆ. ಡೋರ್ಕಾಸ್ ನಕ್ಕು ನಕ್ಕು ಕೆಮ್ಮಿದಳು. ಅದಕ್ಕೆ ಬೇಕಾದ ನೀರನ್ನು ಅದೇ ಆಳದಿಂದ ಹುಡುಕಿಕೊಳ್ಳುತ್ತದೆ ಕಣೇ. ಮರಳು ಮೇಲೆ ಬಿದ್ದಷ್ಟೂ ಎತ್ತರಕ್ಕೆ ಏಳುತ್ತದೆ.

ನಿನ್ನ ಅಕ್ಕ,
ಅಲೆಟ್ಟಾ


ಕಬ್ಬೆ
3 ಮಾರ್ಚ್

ಅಕ್ಕಾ, ನನ್ನ ಅಕ್ಕಾ,

ನಿನ್ನ ಕಾಗದ ಇವತ್ತು ದೋಣಿಯಲ್ಲಿ ಬಂತು. ನಮ್ಮ ದಾರಿ ಹೋದ ವಾರವೇ ಮುಳುಗಿದೆ. ಅತ್ತೆ ದನಗಳ ಜೊತೆ ಎತ್ತರದ ಜಾಗಕ್ಕೆ ಹೋಗಿದ್ದಾರೆ. ಸಿತಾಲಿ ಶಾಲೆಯ ಸಾಮಾನು ಸಾಗಿಸುತ್ತಾ ಆ ದಡದಲ್ಲೇ ಇದ್ದಾನೆ. ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ. ಯಾರಿಗೆ ಓದಿ ಹೇಳಲಿ? ಅವಳಿಗೇ ಮೂರು ಸಲ ಓದಿದೆ. 'ಹೊಳೆ ಬಂತು' ಅಂದಾಗಲೆಲ್ಲ ಸುತ್ತಲಿನ ನೀರು ನೋಡುತ್ತಾಳೆ. ನಮ್ಮಲ್ಲಿ ಹೊಳೆ ಬಂದರೆ ಹಬ್ಬ, ಇಲ್ಲಿ ಹೊಳೆ ಬಂದರೆ ಮನೆ ಬಿಡಬೇಕು ಅನ್ನುವುದು ಆ ಪುಟ್ಟ ತಲೆಗೆ ಹೇಗೆ ಹೋದೀತು?

ಬಟ್ಟೆ ಕಟ್ಟಿಟ್ಟಿದ್ದೇನೆ. ಸಿತಾಲಿ ಬಂದ ಕೂಡಲೇ ದೋಣಿಯಲ್ಲಿ ಕಟೀಮಾಕ್ಕೆ, ಅಲ್ಲಿಂದ ಬಸ್ಸು. ಇಪ್ಪತ್ತೊಂದಕ್ಕೆ ವಾಲ್ವಿಸ್ ಬೇಯಲ್ಲಿ ಇಳಿಯುತ್ತೇವೆ. ದೊಡ್ಡಪ್ಪನಿಗೆ ಗಾಡಿ ತರಲು ಹೇಳು, ಚಡ್ಡಿ ಹಾಕಿಕೊಂಡು ಬರಲಿ.

ಇವತ್ತು ಮಗಳ ಮೈ ಬೆಚ್ಚಗಿದೆ, ಸ್ವಲ್ಪ ರಚ್ಚೆ. ದವಡೆ ಹಲ್ಲು ಬರುತ್ತಿರಬೇಕು. ಅವ್ವ ನಮಗೆ ಮಾಡುತ್ತಿದ್ದ ಹಾಗೆ ಒಸಡಿಗೆ ಆಡಿನ ಕೊಬ್ಬು ತಿಕ್ಕಿದ್ದೇನೆ. ಎರಡು ದಿನದಲ್ಲಿ ಇಳಿಯುತ್ತದೆ.

ನಿನ್ನ ಎಂಗೆಲೀನ್


ಸ್ವಾರ್ಟ್‌ಬ್ಯಾಂಕ್
23 ಮಾರ್ಚ್

ಪ್ರೀತಿಯ ಎಂಗೆಲೀನ್,

ಇಪ್ಪತ್ತೊಂದಕ್ಕೆ ಹೋದೆವು. ದೊಡ್ಡಪ್ಪ ಕೋಟು ಹಾಕಿದ್ದ. ಬಸ್ಸಿನಿಂದ ಎಲ್ಲರೂ ಇಳಿದರು, ನೀವು ಇಳಿಯಲಿಲ್ಲ. ಖಾಲಿ ಬಸ್ಸಿನೊಳಗೆ ಹತ್ತಿ ಸೀಟಿನ ಕೆಳಗೂ ನೋಡಿದೆ. ಡ್ರೈವರ್, "ಏನಮ್ಮಾ, ಆಡು ಕಳ್ಕೊಂಡಿದೀರಾ?" ಅಂದ. ಮರುದಿನದ ಬಸ್ಸಿಗೂ ಕಾದೆವು.

ನೀರಿನಲ್ಲಿ ದೋಣಿ ಸಿಕ್ಕಿರಲಿಕ್ಕಿಲ್ಲ. ಅಥವಾ ನೀನು ಮತ್ತೆ ಮನಸ್ಸು ಬದಲಾಯಿಸಿದೆಯಾ? ಹಾಗಿದ್ದರೆ ನೇರ ಹೇಳು, ಬೈಯುವುದಿಲ್ಲ. ತಿರುಳು ಕುದಿಸಿ ಮರಳಿನ ಮೇಲೆ ಹರಡಿ ಒಣಗಿಸಿದ್ದೇನೆ. ಅದರ ಅಂಚಿನ ಮೆತ್ತನೆಯ ಭಾಗವನ್ನು ಮಗುವಿಗೆ ಅಂತ ಸುರುಳಿ ಸುತ್ತಿಟ್ಟಿದ್ದೇನೆ. ಡೋರ್ಕಾಸ್ ಕೇಳಿದರೂ ಕೊಟ್ಟಿಲ್ಲ.

ಬೇಗ ಬರೆ. ಹಲ್ಲು ಬಂತಾ?

ಅಕ್ಕ


ಕಬ್ಬೆ
2 ಏಪ್ರಿಲ್

ಅಕ್ಕ,

ಅದು ಹಲ್ಲಲ್ಲ.

ನಮ್ಮಲ್ಲಿ ಮಗುವಿನ ಮೈ ಬಿಸಿಯಾದರೆ ಹಲ್ಲು. ಬೇರೇನೂ ಇರುವುದಿಲ್ಲ. ನನಗೆ ಅಷ್ಟೇ ಗೊತ್ತಿದ್ದದ್ದು. ನಾಲ್ಕನೆಯ ದಿನ ಕಣ್ಣು ಮೇಲೆ ಮಾಡಿದಳು. ಸಿತಾಲಿ ಅದೇ ಹೊತ್ತಿಗೆ ಬಂದ, ದೋಣಿಯಿಂದ ಇಳಿಯಲೂ ಇಲ್ಲ. ಜೊಂಡಿನ ನಡುವೆ ಅವನು ಹುಟ್ಟು ಹಾಕುತ್ತಲೇ ಇದ್ದ. ಕ್ಲಿನಿಕ್ಕಿನ ತಗಡು ಕಾಣುತ್ತಿತ್ತು, ಅಕ್ಕ. ಅಷ್ಟು ಹತ್ತಿರ. ನನ್ನ ಮಡಿಲಲ್ಲಿ ಅವಳು ಹಗುರವಾದಳು. ನಾನು ಸಿತಾಲಿಗೆ ಹೇಳಲಿಲ್ಲ, ಅವನು ದಡದ ತನಕ ಹುಟ್ಟು ಹಾಕಿದ.

ಅತ್ತೆ ಬಂದು ನನ್ನನ್ನು ತಬ್ಬಿಕೊಂಡು, "ಇಲ್ಲಿ ಜ್ವರ ಅಂದ್ರೆ ಓಡ್ಬೇಕು ಮಗಳೇ, ಮಳೆಗಾಲದ ಜ್ವರ ಅಂದ್ರೆ ಸೊಳ್ಳೆ ಜ್ವರಾನೇ. ನಿಂಗೆ ಹೇಳ್ಬೇಕಿತ್ತು ನಾನು. ಎಲ್ರಿಗೂ ಗೊತ್ತಿರೋದು, ನಿಂಗೂ ಗೊತ್ತಿರುತ್ತೆ ಅಂದ್ಕೊಂಡೆ" ಅಂತ ಅತ್ತರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎತ್ತರದ ಜಾಗದಲ್ಲಿ ಹುತ್ತದ ಪಕ್ಕ ಅಗೆದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಕೆಳಗಿಂದ ನೀರು ಒಸರಿತು. ಗಂಡಸರು ತಂಬಿಗೆಯಲ್ಲಿ ಎತ್ತಿ ಎತ್ತಿ ಹಾಕಿದರು, ಜೊಂಡು ಹಾಸಿದರು. ಅದರ ಮೇಲೆ ಅವಳು. ಅವ್ವ ಒಣ ಮರಳಲ್ಲಿ ಬೆಚ್ಚಗೆ ಮಲಗಿದ್ದಾಳೆ, ನನ್ನ ಮಗಳು ಒದ್ದೆಯಲ್ಲಿ. ಅದನ್ನು ಯೋಚಿಸಿದರೆ ನನಗೆ ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ.

ನನಗೆ ಒಂದು ಚೀಲ ಮರಳು ಕಳಿಸು. ಅವಳ ಮೇಲೆ ಹಾಕುತ್ತೇನೆ. ಬೇರೇನೂ ಕೇಳುವುದಿಲ್ಲ. ಆ ಪೊದೆಯನ್ನು ಬೇರೆ ಯಾರಾದರೂ ಮಗುವಿಗೆ ಬಿಡು. ನಡೆದು ಬಂದು ಮುಟ್ಟುವವರು ಇಲ್ಲಿ ಇಲ್ಲ.

ಎಂಗೆಲೀನ್


ಸ್ವಾರ್ಟ್‌ಬ್ಯಾಂಕ್
20 ಏಪ್ರಿಲ್

ನನ್ನ ಮುದ್ದು ತಂಗಿ,

ಚೀಲವನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ. ಆಡಿನ ಮಾತು ಆಡಿದವನೇ. ವಿಷಯ ಕೇಳಿ ಟೋಪಿ ತೆಗೆದ, ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡ. ದಿಬ್ಬದ ಬಿಸಿಲಿನ ಮಗ್ಗುಲಿನ ಮರಳು ಅದು. ತುಂಬುವಾಗ ಬಿಸಿಯಾಗಿತ್ತು.

ಜನವರಿಯಲ್ಲಿ ನೀನು ಬರೆದ ಕಾಗದ ಫೆಬ್ರವರಿಯ ತನಕ ನನ್ನ ದಿಂಬಿನ ಕೆಳಗಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಉಳಿದದ್ದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಬಾ. ಒಬ್ಬಳೇ ಆದರೂ ಬಾ, ಸಿತಾಲಿಯ ಜೊತೆಗಾದರೂ ಬಾ. ಈ ಸಲ ನಾನು ನೆಲ ನೋಡುವುದಿಲ್ಲ.

ನೀನು ಕಳಿಸಿದ ಪಾದವನ್ನು ಗೆರೆಯ ಗುಂಟ ಕತ್ತರಿಸಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಮರದ ಹಲಗೆಯಲ್ಲಿ ಹಾಗೇ ಕೆತ್ತಿದ. "ಹಿಮ್ಮಡಿ ಹತ್ರ ಸೊಟ್ಟ ಇದೆಯಲ್ಲೇ, ನೇರ ಮಾಡ್ಲಾ?" ಅಂದ. "ಬೇಡ ದೊಡ್ಡಪ್ಪ, ಒದೀತಿದ್ಲಂತೆ" ಅಂದೆ. ಒಂದು ಮಗ್ಗುಲಿಗೆ ಬಲಗಾಲು, ಮಗುಚಿದರೆ ಎಡಗಾಲು.

ಇವತ್ತು ಮಂಜು ಸರಿದು ಗಾಳಿ ಏಳುವ ಮೊದಲೇ ದಿಬ್ಬಕ್ಕೆ ಹೋದೆ. ಕೆಳಗಿನಿಂದ ಶುರುಮಾಡಿ ಆ ಮರದ ಪಾದವನ್ನು ಮರಳಿಗೆ ಒಂದು ಬಲ, ಒಂದು ಎಡ, ಒಂದು ಬಲ, ಒಂದು ಎಡ ಒತ್ತುತ್ತಾ ಹೋದೆ. ನಾನು ಪಕ್ಕದಲ್ಲಿ ನಡೆದೆ. ಅವಳ ಹೆಜ್ಜೆ ಎಷ್ಟು ದೂರಕ್ಕೆ ಬೀಳುತ್ತಿತ್ತೋ ನನಗೇನು ಗೊತ್ತು, ಅವಳು ನಡೆದದ್ದನ್ನು ನಾನು ನೋಡಿಲ್ಲ. ಒಂದು ಕಡೆ ಎಡವಿದ ಹಾಗೆಯೂ ಮಾಡಿದೆ. ಮಕ್ಕಳು ಎಡವದೆ ನಡೆಯುತ್ತಾರೆಯೇ?

ಮಧ್ಯಾಹ್ನ ಡೋರ್ಕಾಸ್ ಬಂದಳು. ಅವಳಿಗೆ ಎಲ್ಲವೂ ಗೊತ್ತು, ಆದರೂ ದಿಬ್ಬದ ಬುಡದಲ್ಲಿ ಬಗ್ಗಿ ಒಂದೊಂದೇ ಹೆಜ್ಜೆ ಓದುತ್ತಾ ಮೇಲೆ ಹತ್ತಿದಳು. ಎಡವಿದ ಕಡೆ, "ಅಯ್ಯೋ ಕೂಸೇ" ಅಂದಳು. ಪೊದೆಯ ಹತ್ತಿರ ನಿಂತು ನನ್ನ ಕಡೆ ತಿರುಗಿ ದೊಡ್ಡ ದನಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ, "ಮುಟ್ಟಿದಾಳೆ ಕಣೇ, ಅಲೆಟ್ಟಾ! ಕೊನೇ ಹೆಜ್ಜೆ ಬುಡದಲ್ಲೇ ಇದೆ. ಪೊದೆ ಅವಳದ್ದೇ" ಅಂದಳು.

ಹಾಗಾಗಿ ಅದು ನಾಸಿಲೇಲೆಯ ಪೊದೆ, ಎಂಗೆಲೀನ್. ಬೇರೆ ಮಗುವಿಗೆ ಬಿಡಲು ಇನ್ನು ನನ್ನಿಂದಲೂ ಆಗುವುದಿಲ್ಲ.

ವಾಪಸ್ ಬರುವ ಹೆಜ್ಜೆ ನಾನು ಒತ್ತಲಿಲ್ಲ.

ನಿನ್ನ ಅಕ್ಕ,
ಅಲೆಟ್ಟಾ